ಸೊಂಟಕ್ಕೆ ಕಟ್ಟಿದ ಕಾಳು

ನಾನೊಂದು ತಕ್ಕಡಿ. ತಕ್ಕಡಿ ಎಂದೊಡನೆ ನಿಮ್ಮ ಕಣ್ಣಿಗೆ ಎರಡು ತಟ್ಟೆಗಳೂ, ಒಂದು ತಟ್ಟೆಯನ್ನು ಕಿರುಬೆರಳಿನಿಂದ ಮೆಲ್ಲಗೆ ಒತ್ತುತ್ತಿರುವ ವ್ಯಾಪಾರಿಯೂ ಕಂಡರೆ ಅದು ನನ್ನ ದಾಯಾದಿಗಳ ಪೈಕಿ. ನನಗೆ ತಟ್ಟೆಯಿಲ್ಲ. ಗೋಡೆ ಗಡಿಯಾರದಂಥ ದುಂಡು ಮುಖ, ನೆತ್ತಿಯ ಮೇಲೊಂದು ಕೊಕ್ಕೆ, ಕಾಲಿನ ಬದಲು ಇನ್ನೊಂದು ಕೊಕ್ಕೆ, ಅದಕ್ಕೆ ನೇತುಹಾಕಿದ ಚಡ್ಡಿಯಂಥ ಒಂದು ಜೋಳಿಗೆ. ನಾನು ತೂಗುವುದು ಮಕ್ಕಳನ್ನು ಮಾತ್ರ. ಬಂಗಾರ ತೂಗುವವರಿಗಿರುವ ಮರ್ಯಾದೆ ನನಗಿಲ್ಲ ಎಂದು ಒಮ್ಮೊಮ್ಮೆ ಅನಿಸುತ್ತಿತ್ತು. ಬಂಗಾರ ಯಾರ ಮೇಲೂ ಉಚ್ಚೆ ಹೊಯ್ಯುವುದಿಲ್ಲವಲ್ಲ!

ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ಹೊಟ್ಟೆಯೊಳಗೆ ಸ್ಪ್ರಿಂಗ್ ಕೂರಿಸಿ, ಮುಖಕ್ಕೆ ಬಿಳಿ ಬಣ್ಣ ಬಳಿದು, ಅಂಕಿ ಅಚ್ಚೊತ್ತಿ, ಒಂದು ಮುಳ್ಳು ಸಿಕ್ಕಿಸಿದರು. ಕೊನೆಗೆ ವಯಸ್ಸಾದ ಕೆಲಸಗಾರನೊಬ್ಬ ಹತ್ತು ಕಿಲೋದ ಕಬ್ಬಿಣದ ಗುಂಡನ್ನು ನನಗೆ ನೇತುಹಾಕಿ ನೋಡಿದ. ಮುಳ್ಳು ಹತ್ತರ ಮೇಲೆ ನಿಂತಿತು. ತೆಗೆದು ಮತ್ತೆ ಹಾಕಿದ. ಮತ್ತೆ ಹತ್ತು. "ಇದು ನಿಯತ್ತಿನದು" ಎಂದು ಪಕ್ಕಕ್ಕಿಟ್ಟ. ನಾನು ಕಲಿತ ವಿದ್ಯೆ ಅಷ್ಟೇ: ನೇತುಹಾಕಿದ್ದನ್ನು ನೇತುಹಾಕಿದಷ್ಟೇ ಹೇಳುವುದು.

ಅಲ್ಲಿಂದ ತಾಲ್ಲೂಕು ಕೇಂದ್ರದ ಗೋದಾಮಿಗೆ ಬಂದು ಎರಡು ವರ್ಷ ಬೇಳೆ ಮೂಟೆಗಳ ನಡುವೆ ಬಿದ್ದಿದ್ದೆ. ಆಮೇಲೆ ಗದಗದ ಕಡೆಯ ಕರಿಮಣ್ಣಿನ ಹಳ್ಳಿಯೊಂದರ ಅಂಗನವಾಡಿಗೆ ಬಂದೆ. ಆಗ ಅಲ್ಲಿದ್ದ ಟೀಚರಮ್ಮ ನನ್ನನ್ನು ಜಂತೆಗೆ ತೂಗುಹಾಕಿ, ಕೆಳಗಿನ ಕೊಕ್ಕೆಗೆ ತಮ್ಮ ಕೊಡೆ ಮತ್ತು ವ್ಯಾನಿಟಿ ಬ್ಯಾಗು ಸಿಕ್ಕಿಸುತ್ತಿದ್ದರು. ಮಕ್ಕಳ ತೂಕವನ್ನು ಮುಖ ನೋಡಿಯೇ ಬರೆಯುವ ದಿವ್ಯದೃಷ್ಟಿ ಅವರಿಗಿತ್ತು. ಮೂರು ವರ್ಷ ನಾನು ತೂಗಿದ್ದು ಒಂದು ಕೊಡೆ, ಒಂದು ಬ್ಯಾಗು.

ಅವರು ಕೆಲಸ ಬಿಟ್ಟ ಮೇಲೆ ಹಸೀನಾ ನದಾಫ ಬಂದರು. ಊರಿಗೆಲ್ಲ ಅವರು ನದಾಫ ಅಕ್ಕಾರು. ಬಂದ ಮೊದಲ ದಿನವೇ ನನ್ನ ಮುಖದ ಧೂಳು ಒರೆಸಿ, ಐದು ಕಿಲೋ ಅಕ್ಕಿ ನೇತುಹಾಕಿ ಪರೀಕ್ಷೆ ಮಾಡಿದರು. ಅಡುಗೆಯ ಹನುಮವ್ವ "ಅದಕ್ಕ ಜೀವ ಐತೇನ್ರಿ ಇನ್ನಾ?" ಎಂದು ಕೇಳಿದಳು. ಮುಳ್ಳು ಐದರ ಮೇಲೆ ನಿಂತಿತು. ನನಗೆ ಆ ದಿನ ಎರಡನೆಯ ಹುಟ್ಟು ಎಂದೇ ಹೇಳಬೇಕು.

ತಿಂಗಳಿಗೊಮ್ಮೆ ತೂಕದ ದಿನ. ನಾನು ಮನುಷ್ಯರನ್ನು ನೋಡುವುದು ಮೇಲಿನಿಂದ, ಹಾಗಾಗಿ ತಾಯಂದಿರ ಪರಿಚಯ ನನಗೆ ಬೈತಲೆಯಿಂದಲೇ. ಆ ಊರಿನಲ್ಲಿ ಮಗುವಿನ ತೂಕವನ್ನು ಬಾಯಿಬಿಟ್ಟು ಹೇಳುವಂತಿಲ್ಲ, ಹೇಳಿದರೆ ನೆದರಾಗುತ್ತದೆ, ಕೆಟ್ಟ ಕಣ್ಣು ತಾಗುತ್ತದೆ ಎಂಬ ನಂಬಿಕೆ. ಅಕ್ಕಾರು ನನ್ನ ಮುಖ ನೋಡಿ, ತುಟಿ ಅಲ್ಲಾಡಿಸದೆ, ಗೋಡೆಯ ಪಟದಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಪಟದಲ್ಲಿ ಮೂರು ಬಣ್ಣ: ಚೆನ್ನಾಗಿ ಬೆಳೆಯುವವರಿಗೆ ಹಸಿರು, ಸೊರಗಿದವರಿಗೆ ಹಳದಿ, ತೀರಾ ಸೊರಗಿದವರಿಗೆ ಕೆಂಪು. ಸಂಖ್ಯೆ ಗುಟ್ಟು, ಬಣ್ಣ ಮಾತ್ರ ಊರಿಗೆಲ್ಲ ಬಯಲು. ನೆದರಿಗೆ ಬಣ್ಣ ಕಾಣುವುದಿಲ್ಲವೇನೋ!

ಒಂದು ಶ್ರಾವಣದಲ್ಲಿ ಕಸ್ತೂರೆವ್ವ ತನ್ನ ಮಗಳು ದಾನಮ್ಮನನ್ನು ಎತ್ತಿಕೊಂಡು ಬಂದಳು. ಮಗುವಿಗೆ ಮೂರು ವರ್ಷ, ಮನೆಯವರ ಬಾಯಲ್ಲಿ ದಾನು. ಕಸ್ತೂರೆವ್ವನದು ಊರಲ್ಲಿ ಗಟ್ಟಿ ಕುಳ. ಮನೆ ಮುಂದೆ ಕೆಂಪು ಟ್ರ್ಯಾಕ್ಟರು, ಹಿಂದೆ ಎರಡು ಎಮ್ಮೆ, ಹೊಲದಲ್ಲಿ ಹೆಸರು, ಶೇಂಗಾ, ಜೋಳ. ದಾನು ಜೋಳಿಗೆಯಲ್ಲಿ ಕುಳಿತಾಗ ನನ್ನ ಮುಳ್ಳು ಒಂಬತ್ತು ಕಿಲೋ ಇನ್ನೂರು ಗ್ರಾಮಿಗೇ ನಿಂತುಬಿಟ್ಟಿತು. ಹತ್ತಿರ ಹತ್ತಿರ ಹನ್ನೊಂದು ಇರಬೇಕಾದ ಕೂಸು. ಚುಕ್ಕೆ ಕೆಂಪಿನಲ್ಲಿ ಬಿತ್ತು.

"ನಮ್ಮನ್ಯಾಗ ಉಣ್ಣಾಕ ಏನ್ ಕಡಿಮಿ ಐತ್ರಿ ಅಕ್ಕಾರ? ಕೇಳಿದ್ದೆಲ್ಲಾ ಕೊಡ್ತೀವಿ" ಎಂದಳು ಕಸ್ತೂರೆವ್ವ.

"ಏನ್ ಕೇಳ್ತಾಳವಾ?"

"ಮುಂಜಾನೆದ್ದ ಕೂಡ್ಲೆ ಚಾ, ಬಿಸ್ಕೀಟು. ಆಮ್ಯಾಲೆ ಅಂಗಡ್ಯಾಗಿನ ಕುರುಕುರು ಪಾಕೀಟು. ರೊಟ್ಟಿ ಕೊಟ್ರ ಉಗುಳ್ತಾಳ್ರಿ."

"ಹೊಟ್ಟಿ ತುಂಬಾ ಪಾಕೀಟು ತಿಂದ ಮ್ಯಾಲೆ ರೊಟ್ಟಿ ಎಲ್ಲಿ ಹೋಗಬೇಕು? ಹೊಲದಾಗಿನ ಹೆಸರು ಏನ್ ಮಾಡ್ತೀರಿ?"

"ಮಾರಾಕ ಕಳಸ್ತೀವ್ರಿ."

"ನಾಕು ಸೇರು ಮನಿಗೆ ಇಟ್ಕೋ. ಬ್ಯಾಳಿ ಮೆತ್ತಗ ಕುದಿಸಿ, ಬಿಸಿ ರೊಟ್ಟಿ ಮುರದು ಅದರಾಗ ನಾದಿ, ಮ್ಯಾಲೆ ಚೂರು ತುಪ್ಪ ಹಾಕಿ ತಿನಿಸು. ಮಜ್ಜಗಿ ಕೊಡು. ಚಾ ಬಂದ್ ಮಾಡು. ಇಷ್ಟು ಮಾಡಿ ನೋಡು."

ಹೇಳಿದ್ದು ಸರಳ. ಅದೇ ತೊಂದರೆಯಾಯಿತು. ಪೇಟೆಯಿಂದ ತರುವ ಡಬ್ಬಿಯ ಪುಡಿಯನ್ನೋ ಬಣ್ಣದ ಔಷಧವನ್ನೋ ಹೇಳಿದ್ದರೆ ಕಸ್ತೂರೆವ್ವ ಆ ದಿನವೇ ಬಸ್ಸು ಹತ್ತುತ್ತಿದ್ದಳು. ಬೇಳೆ, ರೊಟ್ಟಿ, ಮಜ್ಜಿಗೆ! ಅದು ಆಳುಗಳ ಬುತ್ತಿಯ ಊಟ. ಹಿತ್ತಲ ಗಿಡ ಮದ್ದಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಷ್ಟರಲ್ಲಿ ಸಾಲಿನಲ್ಲಿ ನಿಂತಿದ್ದ ಅವಳ ಓರಗಿತ್ತಿ ನಗುತ್ತ ಅಂದಳು, "ನಿಮ್ಮ ಟ್ರ್ಯಾಕ್ಟರ್ ಕೆಂಪೈತಂತ ಕೂಸೂ ಕೆಂಪಾಗಬೇಕೇನು ಅಕ್ಕಾ?" ಸುತ್ತಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು. ಕಸ್ತೂರೆವ್ವನ ಬೈತಲೆ ಬೆವರಿದ್ದನ್ನು ನಾನು ನೋಡಿದೆ. ಅವಳು ಚುಕ್ಕೆಯ ಕಡೆ ನೋಡಲಿಲ್ಲ, ನನ್ನ ಕಡೆಯಂತೂ ನೋಡಲೇ ಇಲ್ಲ.

ಮುಂದಿನ ತಿಂಗಳು ದಾನು ದೊಗಲೆ ಲಂಗ ತೊಟ್ಟು ಬಂದಳು. ಒಂಬತ್ತು ಕಿಲೋ ಎಂಟುನೂರು! ಅಕ್ಕಾರಿಗೆ ಎಷ್ಟು ಸಂತೋಷವಾಯಿತೆಂದರೆ ಚುಕ್ಕೆಯನ್ನು ಹಳದಿಯಲ್ಲಿಟ್ಟು ಕಸ್ತೂರೆವ್ವನ ಕೈ ಹಿಡಿದುಕೊಂಡರು. ನನಗೆ ಮಾತ್ರ ಏನೋ ಸರಿಯಿಲ್ಲ ಅನಿಸಿತು. ಮಗುವಿನ ತೂಕ ಒದೆಯುತ್ತದೆ, ತಿರುಗುತ್ತದೆ, ಮುಳ್ಳನ್ನು ಕುಣಿಸುತ್ತದೆ. ಇದರಲ್ಲಿ ಅರ್ಧ ಕಿಲೋದಷ್ಟು ಏನೋ ಸುಮ್ಮನೆ ಕುಳಿತಿತ್ತು. ಗೋದಾಮಿನ ಮೂಟೆಗಳಂತೆ.

ಅದೇನೆಂದು ಆಮೇಲೆ ಕಸ್ತೂರೆವ್ವನ ಬಾಯಿಂದಲೇ ಕೇಳಿದೆ. ಹಳೆಯ ಸೀರೆಯ ಅಂಚು ಹರಿದು, ಉದ್ದನೆಯ ಚೀಲ ಹೊಲಿದು, ಅರ್ಧ ಕಿಲೋ ಹೆಸರುಕಾಳು ತುಂಬಿ, ಮಗುವಿನ ಸೊಂಟಕ್ಕೆ ಉಡಿದಾರದ ಮೇಲೆ ಸುತ್ತಿ ಕಟ್ಟಿದ್ದಳು. ಹೊಟ್ಟೆಯೊಳಗೆ ಹೋಗಬೇಕಾಗಿದ್ದ ಕಾಳು ಹೊಟ್ಟೆಯ ಹೊರಗೆ ಕುಳಿತು ತೂಗಿಸಿಕೊಂಡಿತು.

ಅವಳನ್ನು ಬೈಯಬೇಡಿ. ಮಗಳ ಮೇಲೆ ಅವಳಿಗೆ ಪ್ರಾಣ. ಆದರೆ ನಾಲ್ಕು ಜನರ ಮುಂದೆ ತಲೆ ತಗ್ಗಿಸುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಮತ್ತೆ, ಅವಳಿಗೆ ಗೊತ್ತಿಲ್ಲದ ಒಂದು ಮಾತಿತ್ತು. ಕೆಂಪು ಪಟ್ಟಿಯ ಮಕ್ಕಳಿಗೆ ಹೆಚ್ಚಿನ ಹಾಲು, ಶೇಂಗಾ ಚಿಕ್ಕಿ, ತಿಂಗಳಿಗೊಮ್ಮೆ ಡಾಕ್ಟರರ ತಪಾಸಣೆ. ಚುಕ್ಕೆ ಹಳದಿಗೆ ಬಂದದ್ದೇ ತಡ, ಅವೆಲ್ಲ ದಾನುವಿಗೆ ತಪ್ಪಿಹೋದವು.

ಸುಳ್ಳಿಗೆ ಹಸಿವು ಜಾಸ್ತಿ. ಮಗು ಮಾತ್ರ ಚಹಾದಲ್ಲಿ ಅದ್ದಿದ ಬಿಸ್ಕತ್ತಿನಲ್ಲೇ ಇತ್ತು. ಮೂರನೆಯ ತಿಂಗಳು ಚೀಲ ಒಂದು ಕಿಲೋ ಆಯಿತು, ನಾಲ್ಕನೆಯ ತಿಂಗಳು ಅದಕ್ಕೂ ಹೆಚ್ಚು. ಆಮೇಲೆ ದಾನುವಿಗೆ ಜ್ವರ ಬಂದು ಬಿಟ್ಟು ಬಂದು ಕಾಡಿತು. ಅತ್ತೆ ನೆದರಾಗಿದೆಯೆಂದು ಉಪ್ಪು ನಿವಾಳಿಸಿದರು. ನಾಲ್ಕನೆಯ ತಿಂಗಳು ಕಸ್ತೂರೆವ್ವ ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಬಂದಾಗ ಅದರ ಕುತ್ತಿಗೆ ನಿಲ್ಲುತ್ತಿರಲಿಲ್ಲ. ಕಾಲು ಜೋಳಿಗೆಯ ತೂತಿನಲ್ಲಿ ಕಡ್ಡಿಯಂತೆ ಇಳಿಬಿದ್ದವು. ನನ್ನ ಮುಳ್ಳೋ ಹತ್ತರ ಮೇಲೆ ಹೋಗಿ ನಿಂತಿತ್ತು. ನನ್ನ ಹುಟ್ಟಿನ ಮೇಲೇ ನನಗೆ ಹೇಸಿಗೆಯಾಯಿತು. ಈ ಮಗು ಕೈತಪ್ಪಿ ಹೋಗುತ್ತಿದೆ ಎಂದು ಕೂಗಬೇಕು, ನನಗಿರುವುದು ಒಂದೇ ಬೆರಳು, ಅದೂ ಹತ್ತನ್ನೇ ತೋರಿಸುತ್ತಿದೆ.

ಅಕ್ಕಾರು ಮುಖ ಗಂಟಿಕ್ಕಿ ಒಮ್ಮೆ ನನ್ನನ್ನೂ ಒಮ್ಮೆ ಮಗುವನ್ನೂ ನೋಡಿದರು. "ತಕ್ಕಡಿ ಕೆಟ್ಟೈತೇನು ಹನುಮವ್ವಾ? ಕೂಸಿನ ಮಾರಿ ಒಂದು ಹೇಳ್ತೈತಿ, ಇದು ಒಂದು ಹೇಳ್ತೈತಿ" ಎನ್ನುತ್ತ ಮಗುವನ್ನು ಎತ್ತಿ ಇನ್ನೊಮ್ಮೆ ಕೂರಿಸಲು ಹೋದರು. ಜೋಳಿಗೆಯ ಕಬ್ಬಿಣದ ಬಳೆಗೆ ಲಂಗ ಸಿಕ್ಕಿಕೊಂಡಿತು. ಅಕ್ಕಾರು ಎಳೆದರು. ಪರ್ ಎಂದು ಏನೋ ಹರಿಯಿತು. ಹೆಸರುಕಾಳು ಸರಸರನೆ ಸುರಿದು ನೆಲದ ತುಂಬ ಉರುಳಾಡಿತು.

ಓರಗಿತ್ತಿ ಸಹ ಈ ಸಲ ನಗಲಿಲ್ಲ. ಅಂಗನವಾಡಿಯ ಮಕ್ಕಳು ಮಾತ್ರ ಓಡಿಬಂದು ಕಾಳು ಆರಿಸತೊಡಗಿದರು. ಅಕ್ಕಾರು ಬೈಯುತ್ತಾರೆಂದು ಎಲ್ಲರೂ ಕಾದರು. ಅವರು ಲಂಗದೊಳಗಿನ ಖಾಲಿ ಚೀಲ ಬಿಚ್ಚಿ ಕೆಳಗಿಟ್ಟು, ಮಗುವನ್ನು ಮತ್ತೆ ಜೋಳಿಗೆಯಲ್ಲಿ ಕೂರಿಸಿ, "ಕಸ್ತೂರೆವ್ವಾ, ಒಮ್ಮಿ ಮ್ಯಾಲೆ ನೋಡವಾ" ಎಂದರು.

ಅವಳು ತಲೆಯೆತ್ತಿದಳು. ನಾಲ್ಕು ತಿಂಗಳಲ್ಲಿ ಮೊದಲ ಬಾರಿಗೆ ನಾನು ಅವಳ ಮುಖ ಕಂಡೆ. ಎಷ್ಟು ಚಿಕ್ಕ ಹುಡುಗಿ! ಮುಳ್ಳು ಎಂಟು ಕಿಲೋ ಏಳುನೂರರ ಮೇಲೆ ನಡುಗುತ್ತಿತ್ತು. ಅವಳು ನೋಡುತ್ತ ನಿಂತು, ಆಮೇಲೆ ಕಾಳಿನ ನಡುವೆಯೇ ಕುಸಿದು ಕುಳಿತು, "ನಾನ ಕೂಸಿನ ಹೊಟ್ಟಿ ಮ್ಯಾಲೆ ಹೊಡದೆನ್ರೀ ಅಕ್ಕಾರ, ನಾನ!" ಎಂದು ಅತ್ತಳು.

ಹನುಮವ್ವ ಮೊರ ತಂದು ಕಾಳು ಬಳಿಯತೊಡಗಿದಳು. "ಅಳೂದು ಆಮ್ಯಾಲೆ. ಎಂಥಾ ಛಲೋ ಕಾಳು ನೋಡು, ಒಂದು ಹುಳಾ ಇಲ್ಲ. ಇದನ್ನ ಬಿಟ್ಟು ಆ ಪಾಕೀಟಿನ ಗಾಳಿ ತಿನಿಸ್ತೀಯಲ್ಲ! ಮೊದಲ ದವಾಖಾನಿಗೆ ನಡಿ, ನಾನೂ ಬರ್ತೀನಿ" ಎಂದಳು. ಅಕ್ಕಾರು, ಕಸ್ತೂರೆವ್ವ, ಹನುಮವ್ವ ಮೂವರೂ ಅದೇ ಟ್ರ್ಯಾಕ್ಟರಿನಲ್ಲಿ ಕೂತು ಹೋದರು. ಡಾಕ್ಟರು ಜ್ವರಕ್ಕೆ ಔಷಧ ಕೊಟ್ಟು, ಹನ್ನೆರಡು ದಿನ ದವಾಖಾನೆಯಲ್ಲೇ ಇರಿಸಿಕೊಂಡು, ಊಟದ ವಿಷಯಕ್ಕೆ ಅಕ್ಕಾರು ಹೇಳಿದ್ದನ್ನೇ ಹೇಳಿ ಕಳಿಸಿದರಂತೆ.

ಕಥೆ ಇಲ್ಲಿಗೆ ಸುಖಾಂತ ಎಂದುಕೊಂಡಿರಾದರೆ ನೀವು ಮಗು ಸಾಕಿದವರಲ್ಲ. ದಾನು ಬೇಳೆ ಉಗುಳಿದಳು. ರೊಟ್ಟಿ ಎಸೆದಳು. ಚಹಾಕ್ಕಾಗಿ ನೆಲಕ್ಕೆ ಬಿದ್ದು ಹೊರಳಿದಳು. ಅಜ್ಜಿ ಗುಟ್ಟಾಗಿ ಬಿಸ್ಕತ್ತು ಕೊಟ್ಟರು. ಎರಡು ತಿಂಗಳು ನನ್ನ ಮುಳ್ಳು ನೂರು ಗ್ರಾಂ ಮೇಲೆ, ಐವತ್ತು ಗ್ರಾಂ ಕೆಳಗೆ ಆಡಿತು. ಕಸ್ತೂರೆವ್ವ ಸೋತು ಹೋಗಿದ್ದಳು. ಹಿಂಗಾರಿ ಶೇಂಗಾ ಕೀಳುವ ಕೆಲಸಕ್ಕೆ ಹೋಗುವಾಗ ಮಗುವನ್ನು ಬಿಟ್ಟು ಹೋಗಲು ಮನಸ್ಸಾಗದೆ ಕರೆದುಕೊಂಡು ಹೋದಳು. ಹೊಲದಲ್ಲಿ ಅಂಗಡಿಯಿಲ್ಲ, ಅಜ್ಜಿಯೂ ಇಲ್ಲ. ದಾನು ಮಣ್ಣಿನಿಂದ ಬಳ್ಳಿ ಎಳೆದಳು. ಬುಡದಲ್ಲಿ ಕಾಯಿ! ಬಿಡಿಸಿದರೆ ಒಳಗೆ ಬೀಜ! ಯಾರೋ ಅಲ್ಲಿ ತನಗಾಗಿಯೇ ಬಚ್ಚಿಟ್ಟಿದ್ದಾರೆ ಎಂದುಕೊಂಡಳೋ ಏನೋ, ತಾನೇ ಒಡೆದು ತಾನೇ ತಿಂದಳು. ಆಳುಗಳು ಬುತ್ತಿ ಬಿಚ್ಚಿದಾಗ ಅವರ ಮಡಿಲಲ್ಲಿ ಹೋಗಿ ಕೂತು, ಅವರು ಕಿತ್ತು ತಂದ ಹಕ್ಕರಿಕಿ ಸೊಪ್ಪು ಕಚ್ಚಿ, ಬೇಳೆಯಲ್ಲಿ ನಾದಿದ ರೊಟ್ಟಿಗೆ ಬಾಯಿ ತೆರೆದಳು.

"ಮನ್ಯಾಗ ಕೊಟ್ರ ಉಗುಳ್ತಿತ್ರಿ ಅಕ್ಕಾರ, ಅಲ್ಲಿ ಕಸಗೊಂಡು ತಿಂತು" ಎಂದು ಕಸ್ತೂರೆವ್ವ ಮುಂದಿನ ತೂಕದ ದಿನ ಹೇಳುತ್ತಲೇ ಇದ್ದಳು. ಅಂದು ಮುಳ್ಳು ನಾನೂರು ಗ್ರಾಂ ಮೇಲೇರಿತು. ಅವಳು ಅಕ್ಕಾರಿಗೆ, "ಎಷ್ಟಾತು, ಬಾಯಿಬಿಟ್ಟು ಹೇಳ್ರಿ. ನೆದರಾದ್ರ ನಾ ತಗೀತೀನಿ" ಎಂದಳು. ಅಕ್ಕಾರು ಹೇಳಿದರು. ಆ ಕೋಣೆಯಲ್ಲಿ ಮಗುವಿನ ತೂಕವನ್ನು ಗಟ್ಟಿಯಾಗಿ ಹೇಳಿದ್ದು ಅದೇ ಮೊದಲು. ಆಕಾಶವೇನೂ ಕಳಚಿ ಬೀಳಲಿಲ್ಲ. ಬೇರೆ ತಾಯಂದಿರೂ "ನಮ್ಮದೂ ಹೇಳ್ರಿ" ಎಂದರು. ಆ ವರ್ಷ ಕಸ್ತೂರೆವ್ವ ಮಾರಾಟಕ್ಕೆ ಹೊರಟ ಹೆಸರಿನಲ್ಲಿ ಎರಡು ಚೀಲ ಇಳಿಸಿಕೊಂಡಳು, ಒಂದು ಮನೆಗೆ, ಒಂದು ಅಂಗನವಾಡಿಗೆ. ಹನುಮವ್ವ ಒದ್ದೆ ಬಟ್ಟೆಯಲ್ಲಿ ಕಾಳು ಕಟ್ಟಿಟ್ಟು, ಮೊಳಕೆ ಬಂದದ್ದನ್ನು ಮಕ್ಕಳಿಂದಲೇ ಬಿಚ್ಚಿಸುತ್ತಿದ್ದಳು. ತಾನೇ ಬಿಚ್ಚಿದ್ದನ್ನು ಬೇಡ ಅನ್ನುವ ಮಗುವನ್ನು ನಾನು ನೋಡಿಲ್ಲ.

ಕಾಲ ಸರಿಯಿತು. ಅಂಗನವಾಡಿಗೆ ಬ್ಯಾಟರಿಯ ಹೊಸ ತಕ್ಕಡಿ ಬಂತು, ನೆಲದ ಮೇಲೆ ಕೂರುವ ಚಪ್ಪಟೆ ಹುಡುಗ. ನನ್ನ ಸ್ಪ್ರಿಂಗ್ ಸಡಿಲಾಗಿ ಖಾಲಿಯಿದ್ದಾಗಲೂ ಮುಳ್ಳು ಸೊನ್ನೆಗೆ ಬರುತ್ತಿರಲಿಲ್ಲ. ಜೋಳಿಗೆ ಇಲಿಗಳ ಪಾಲಾಯಿತು. ಮೂಲೆಯ ಜಂತೆಗೆ ನೇತಾಡುತ್ತ, ತಟ್ಟೆಗಳ ಸದ್ದು ಕೇಳುತ್ತ ಇದ್ದೇನೆ. ಬೇಸರವಿಲ್ಲ. ತೂಕ ಹೇಳುವುದಷ್ಟೇ ನನ್ನ ಕೆಲಸವಾಗಿತ್ತು, ತೂಕ ಕೊಡುವುದು ಅನ್ನದ ಕೆಲಸ. ಆ ಅನ್ನ ಎಲ್ಲಿ ಬೆಳೆಯಿತೆಂದು ತಿಳಿದ ಮನೆಯಲ್ಲಿ ಮಗು ಅದನ್ನು ಸುಲಭವಾಗಿ ಉಗುಳುವುದಿಲ್ಲ, ನಾನು ಕಂಡದ್ದು ಇಷ್ಟು.

ಮೊನ್ನೆ ಕಸ್ತೂರೆವ್ವ ತನ್ನ ಎರಡನೆಯ ಮಗುವನ್ನು ಕರೆದೊಯ್ಯಲು ಬಂದಳು. ಜೊತೆಗೆ ದಾನು, ಈಗ ಶಾಲೆಯಲ್ಲಿ ಐದನೆಯ ಇಯತ್ತೆ, ಮೊಣಕಾಲಿನ ತುಂಬ ಬಿದ್ದ ಗಾಯದ ಗುರುತು. ನನ್ನನ್ನು ನೋಡಿದವಳೇ ಹಾರಿ ಕೆಳಗಿನ ಕೊಕ್ಕೆಗೆ ಎರಡೂ ಕೈಯಿಂದ ಜೋತುಬಿದ್ದಳು. ಜಂತೆ ಕಿರುಗುಟ್ಟಿತು. ಮುಳ್ಳು ಎಂಟು ದಾಟಿ, ಹತ್ತು ದಾಟಿ, ಇಪ್ಪತ್ತು ದಾಟಿ, ಕೊನೆಯ ಇಪ್ಪತ್ತೈದನ್ನೂ ದಾಟಿ ತಡೆಗೆ ಬಡಿದು ನಿಂತಿತು. ಮುಂದೆ ಹೋಗಲು ಅಂಕಿಯೇ ಇರಲಿಲ್ಲ.

"ಯವ್ವಾ, ಇದು ಕೆಟ್ಟೈತಿ" ಎಂದಳು ದಾನು, ಜೋತಾಡುತ್ತಲೇ.

ಕಸ್ತೂರೆವ್ವ ತಲೆಯೆತ್ತಿ ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂದಿತ್ತು.

"ಕೆಟ್ಟಿಲ್ಲ ಬಿಡವಾ" ಎಂದಳು. "ನಿನ್ನ ತೂಗೂದು ಇನ್ನ ಅದರ ಕೈಲೆ ಆಗೂದಿಲ್ಲ."