ಒಂದಕ್ಷರದ ತಾಯಿ

ನಿವೃತ್ತಿಗೆ ಮುಂಚೆ ಕಾಂತಾ ಮೇಡಂ ಕೊಟ್ಟ ಕೊನೆಯ ಉಪನ್ಯಾಸಕ್ಕೆ ಬೆಳಗಾವಿಯ ಆ ಕಾಲೇಜಿನ ಸಭಾಂಗಣ ಅರ್ಧವೂ ತುಂಬಿರಲಿಲ್ಲ. ತುಂಬಿದ್ದ ಅರ್ಧವೂ ಹಾಜರಿಗಾಗಿ ಬಂದದ್ದು. ಇಂಗ್ಲಿಷ್ ಸಾಹಿತ್ಯ ಕಲಿಸುತ್ತ ಕೂದಲು ಬೆಳ್ಳಗೆ ಮಾಡಿಕೊಂಡವರಿಗೆ ಇದೇನು ಹೊಸದಲ್ಲ. ಕಾಂತಾ ಎರಡನೇ ಸಾಲಿನಲ್ಲಿ ಕುಳಿತಿದ್ದ ಸೃಷ್ಟಿಯೊಬ್ಬಳನ್ನೇ ನೋಡುತ್ತಿದ್ದಳು. ಖಾನಾಪುರದಿಂದ ಮುಂಜಾನೆಯ ಬಸ್ಸಿಗೆ ಬಂದಿದ್ದ ಸೃಷ್ಟಿ ಊರಿಗೆಲ್ಲ ಕಾಂತಾಳ ತಂಗಿ. ಖರೇ ಹೇಳಬೇಕೆಂದರೆ ಕಾಂತಾಳ ಹೊಟ್ಟೆಯಲ್ಲಿ ಹುಟ್ಟಿದ ಮಗಳು. ಅದು ಸೃಷ್ಟಿಗೆ ಗೊತ್ತಿರಲಿಲ್ಲ. ಇವತ್ತು ಹೇಳಿಯೇ ಬಿಡಬೇಕೆಂದು ಕಾಂತಾ ಗಟ್ಟಿ ಮನಸ್ಸು ಮಾಡಿದ್ದಳು.

ಹಳೆಯ ಸಂಗತಿ ದೊಡ್ಡದೇನಲ್ಲ. ಇಂಥವು ಎಲ್ಲ ಊರಲ್ಲೂ ಆಗುತ್ತವೆ, ಎಲ್ಲ ಊರೂ ತನ್ನಲ್ಲಿ ಆಗಿಲ್ಲ ಎನ್ನುತ್ತದೆ. ಕಾಲೇಜಿನ ಮೊದಲ ವರ್ಷದಲ್ಲಿದ್ದಾಗ ಕಾಂತಾ ಬಸುರಾದಳು. ಅದಕ್ಕೆ ಕಾರಣನಾದ ಗಂಡಸಿನ ಹೆಸರು ಇಲ್ಲಿ ಬೇಡ, ಅವನಿಗೆ ಅಷ್ಟು ಮರ್ಯಾದೆ ಕೊಡಬೇಕಾಗಿಲ್ಲ. ಕಾಂತಾಳ ಅವ್ವ ಗೌರವ್ವ ಗಟ್ಟಿ ಹೆಂಗಸು. ಮಗಳನ್ನು ಕರೆದುಕೊಂಡು ಕಾಕತಿಯ ತವರುಮನೆ ಸೇರಿದಳು, ತಾನೇ ಮತ್ತೆ ಬಸುರಿಯೆಂದು ಖಾನಾಪುರದಲ್ಲಿ ಸುದ್ದಿ ಬಿಟ್ಟಳು, ಕೂಸನ್ನು ಎತ್ತಿಕೊಂಡು ತಿರುಗಿ ಬಂದಳು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ ಎನ್ನುತ್ತಾರೆ. ಗೌರವ್ವ ಅದನ್ನೂ ಮುಚ್ಚಿದಳು. ಅವ್ವನ ಜೀವ ಇರುವ ತನಕ ಬಾಯಿ ಬಿಡುವುದಿಲ್ಲವೆಂದು ಮಗಳಿಂದ ಕೊರಳ ಲಿಂಗ ಮುಟ್ಟಿಸಿ ಆಣೆ ಮಾಡಿಸಿದಳು.

ಆ ಮನೆಯಲ್ಲಿ ತಾಯಿಗೆ ಅನ್ನುವುದು ಅವ್ವ, ಹಿರಿಯ ಮಗಳಿಗೆ ಅಕ್ಕಾ. ಆದರೆ ಮಾತು ಕಲಿಯುತ್ತಿದ್ದ ಸೃಷ್ಟಿ ಆಡುತ್ತಿದ್ದದ್ದು ಬಾಜು ಮನೆಯ ಮರಾಠಿ ಮಕ್ಕಳ ಜೊತೆ. ಅವರು ತಮ್ಮ ಅಕ್ಕ ಸಪ್ನಾಳನ್ನು ಕರೆಯುತ್ತಿದ್ದದ್ದು 'ತಾಈ' ಎಂದು. ಮರಾಠಿಯಲ್ಲಿ ಅಕ್ಕನಿಗೆ ಹಾಗೆಯೇ ಅನ್ನುವುದು. ಒಂದು ಮುಂಜಾನೆ ಕೂಸು ಕಾಂತಾಳ ಸೆರಗು ಜಗ್ಗಿ "ತಾಯಿ" ಎಂದಿತು. ಗೌರವ್ವ ಕೂಸಿನ ಬಾಯ ಮೇಲೆ ಹೊಡೆದು, ಅಕ್ಕಾ ಅನ್ನು ಎಂದಳು. ಕೂಸು ಅತ್ತಿತು, ಅಳುತ್ತಲೇ ಮತ್ತೆ ಅದನ್ನೇ ಅಂದಿತು. ಬಾಜು ಮನೆಯಾಕೆ ಬಂದು, ಅದು ನಮ್ಮ ಮಕ್ಕಳ ಮಾತು ಕಲಿತದ್ದು, ಹೊಡೆಯಬೇಡಿ ಎಂದು ನಕ್ಕಾಗಲೇ ಗೌರವ್ವನಿಗೆ ಹೋದ ಜೀವ ಬಂದದ್ದು. ಖಾನಾಪುರದಲ್ಲಿ ಎರಡು ಭಾಷೆಗಳ ನಡುವೆ ಒಂದೇ ಗೋಡೆ. ಯಾರಿಗೂ ಅನುಮಾನ ಬರಲಿಲ್ಲ.

ಹೀಗೆ ಸೃಷ್ಟಿ ಅಕ್ಕ ಎಂಬ ಅರ್ಥದಲ್ಲಿ ಕರೆದದ್ದನ್ನು ಕಾಂತಾ ತಾಯಿ ಎಂದು ಕೇಳಿಸಿಕೊಳ್ಳುತ್ತ ಬಂದಳು. ಮದುವೆ ಮಾಡಿಕೊಳ್ಳಲಿಲ್ಲ. ಬೆಳಗಾವಿಯ ಖಾಸಬಾಗದಲ್ಲೊಂದು ಬಾಡಿಗೆ ಮನೆ, ಕಾಲೇಜು, ಶನಿವಾರಕ್ಕೊಮ್ಮೆ ಖಾನಾಪುರ. ಆ ಒಂದು ಮಾತು ಕೇಳಲಿಕ್ಕೇ ಹೋಗುತ್ತಿದ್ದಳು, ಹೊಟ್ಟೆ ತುಂಬ ಉಂಡವಳಂತೆ ಬರುತ್ತಿದ್ದಳು. ಸೃಷ್ಟಿಯ ಫೋನಿನಲ್ಲಿ ತನ್ನ ಹೆಸರು 'ತಾಈ' ಎಂದಿರುವುದನ್ನು ಒಮ್ಮೆ ಕಂಡಾಗ ಮಾತ್ರ ಫೋನನ್ನು ಬೋರಲು ಇಟ್ಟುಬಿಟ್ಟಿದ್ದಳು. ಒಂದಕ್ಷರ ಬೇರೆ, ಅಷ್ಟೇ. ಕಿವಿಗೆ ಕೇಳಿಸದ ವ್ಯತ್ಯಾಸ ಕಣ್ಣಿಗೆ ಯಾಕೆ ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸುಳ್ಳು ಹೇಳಿಕೊಳ್ಳಲಿಕ್ಕೆ ನಮ್ಮಷ್ಟು ಒಳ್ಳೆಯ ಕೇಳುಗರು ನಮಗೆ ಬೇರೆ ಸಿಗುವುದಿಲ್ಲ.

ಹೋದ ವರ್ಷ ಗೌರವ್ವ ತೀರಿಕೊಂಡಳು. ಆಣೆಯೂ ಅವಳೊಂದಿಗೆ ಮಣ್ಣಾಯಿತು.

ಅವತ್ತಿನ ಉಪನ್ಯಾಸ ನೂರೈವತ್ತು ವರ್ಷಕ್ಕೂ ಹಿಂದೆ ಸತ್ತ ಅಮೆರಿಕದ ಒಬ್ಬ ಕಾದಂಬರಿಕಾರನ ಬಗ್ಗೆ. ಅವನ ಪೂರ್ವಜನೊಬ್ಬ ನ್ಯಾಯಾಧೀಶನಾಗಿದ್ದ. ಅಮಾಯಕ ಹೆಂಗಸರನ್ನು ಮಾಟಗಾತಿಯರೆಂದು ಗಲ್ಲಿಗೆ ಕಳಿಸಿದ ವಿಚಾರಣೆಯಲ್ಲಿ ಕುಳಿತಿದ್ದವನು. ಆ ಪಾಪ ತನಗೆ ಅಂಟದಿರಲಿ ಎಂದು ಈತ ಮನೆತನದ ಹೆಸರಿಗೆ ಒಂದಕ್ಷರ ಸೇರಿಸಿಕೊಂಡನಂತೆ. ಅಕ್ಷರ ಸೇರಿತು, ಪಾಪ ಹೋಗಲಿಲ್ಲ. ಬದುಕಿಡೀ ಬರೆದದ್ದು ಅದನ್ನೇ. ದೇವರ ಹೆಸರಿನಲ್ಲಿ ಹೆಣ್ಣನ್ನು ಬೀದಿಗೆ ನಿಲ್ಲಿಸುವ ಊರು, ತಮ್ಮದನ್ನು ಮುಚ್ಚಿಟ್ಟುಕೊಂಡು ಒಳಗೊಳಗೇ ಕೊಳೆಯುವ ದೊಡ್ಡ ಮನುಷ್ಯರು. ಇದನ್ನೆಲ್ಲ ಕಾಂತಾ ಪ್ರತಿ ವರ್ಷ ಹೇಳುತ್ತಿದ್ದಳು. ಪ್ರತಿ ವರ್ಷ ನುಂಗಿಕೊಳ್ಳುತ್ತಿದ್ದ ಒಂದು ಸಂಗತಿಯನ್ನು ಅವತ್ತು ಹೇಳಿದಳು. ಮೊದಲ ಕಾದಂಬರಿಯನ್ನು ಆತ ಹೆಸರಿಲ್ಲದೆ ಅಚ್ಚು ಹಾಕಿಸಿದ. ಆಮೇಲೆ ನಾಚಿಕೆಯಾಗಿ ಸಿಕ್ಕ ಸಿಕ್ಕ ಪ್ರತಿಗಳನ್ನೆಲ್ಲ ಸುಟ್ಟ. ಕಟ್ಟಿಕೊಂಡ ಹೆಂಡತಿಗೂ ಹೇಳಲಿಲ್ಲ. ಅಲ್ಲಿ ಇಲ್ಲಿ ಉಳಿದ ಕೆಲವು ಪ್ರತಿಗಳು ಅವನು ಸತ್ತ ಮೇಲೆ ಬೆಳಕಿಗೆ ಬಂದವು.

ಮೊದಲನೇ ಕೂಸನ್ನು ತನ್ನದಲ್ಲ ಎಂದವನು ಅವನು, ಎನ್ನುವಾಗ ಕಾಂತಾಳ ದನಿ ನಡುಗಿತು. ವಿದ್ಯಾರ್ಥಿಗಳು ನಿವೃತ್ತಿಯ ದುಃಖವೆಂದು ತಿಳಿದು ಚಪ್ಪಾಳೆ ತಟ್ಟಿದರು. ಪ್ರಾಂಶುಪಾಲರು ಶಾಲು ಹೊದಿಸಿದರು.

ಇಬ್ಬರೂ ಒಟ್ಟಿಗೇ ಖಾನಾಪುರದ ಬಸ್ಸು ಹತ್ತಿದರು. ಕಿಟಕಿಯ ಕಡೆ ಕುಳಿತ ಸೃಷ್ಟಿ ದಾರಿಯುದ್ದಕ್ಕೂ ಏನೋ ಯೋಚಿಸುತ್ತಿದ್ದಳು.

"ಪಾಪ, ಆ ಪುಸ್ತಕ," ಎಂದಳು ಕೊನೆಗೆ. "ಯಾರದೋ ಮನಿ ಕಪಾಟಿನ್ಯಾಗ ಕುಂತಿತ್ತು. ತನ್ನನ್ನ ಬರದಾಂವ ಯಾರಂತ ಅದಕ್ಕ ಗೊತ್ತ ಇರಲಿಲ್ಲ ನೋಡು, ತಾಯಿ."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕಾಂತಾಳಿಗೆ ಇನ್ನೇನು ಬೇಕು? ಅರ್ಧ ಅಂಜಿಕೆ ಅಲ್ಲೇ ಇಳಿಯಿತು.

ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಸೃಷ್ಟಿಯ ಗಂಡ ಶಶಿಧರ ಲೋಂಡಾದಲ್ಲಿ ರೈಲ್ವೆ ಡ್ಯೂಟಿಯ ಮೇಲಿದ್ದ. ಗೋಡೆಯ ಮೇಲೆ ವಿಭೂತಿ ಹಚ್ಚಿದ ಗೌರವ್ವನ ಫೋಟೋ. ಸೃಷ್ಟಿ ಚಹಾಕ್ಕೆ ಇಡುತ್ತಿದ್ದಳು. ಕಾಂತಾ ಸನ್ಮಾನದ ಶಾಲನ್ನು ಅವಳ ಹೆಗಲಿಗೆ ಹೊದಿಸಿ, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತು ಎಲ್ಲವನ್ನೂ ಹೇಳಿದಳು. ಕಾಕತಿಯಲ್ಲಿ ಆದದ್ದನ್ನು, ಆಣೆಯನ್ನು, ಕೂಸು ಸೆರಗು ಜಗ್ಗಿದ ಆ ಮುಂಜಾನೆಯನ್ನು. ಅಷ್ಟು ವರ್ಷ ಯಾರಿಗೂ ಹೇಳದ ಮಾತು ಇಷ್ಟು ಬೇಗ ಮುಗಿದದ್ದು ಅವಳಿಗೇ ಆಶ್ಚರ್ಯ.

ಸೃಷ್ಟಿ ಗ್ಯಾಸ್ ಬಂದ್ ಮಾಡಿದಳು. ಫೋಟೋದ ಕಡೆ ನೋಡಿದಳು.

"ಹಂಗಂದ್ರ ಈಕಿ ನನಗ ಯಾರು?"

"ನಿನಗ ಆಯಿ ಆಗಬೇಕು," ಎಂದಳು ಕಾಂತಾ. ಅಲ್ಲಿಯ ಕನ್ನಡ ಮನೆಗಳಲ್ಲಿ ಅಜ್ಜಿಗೆ ಆಯಿ ಅನ್ನುತ್ತಾರೆ.

"ಬಾಜು ಮರಾಠಿ ಮನ್ಯಾಗ ಆಯಿ ಅಂದ್ರ ಅವ್ವ," ಎಂದಳು ಸೃಷ್ಟಿ. "ಅವರ ಮಾತು ನಿನಗ ಆಗಿಬರತೈತಿ, ಆಕಿಗೆ ಆಗಿಬರೂದಿಲ್ಲೇನು?"

ಮಾತು ಬಂದಾಗಿನಿಂದ ನೀನು ನನ್ನನ್ನು ಖರೇ ಹೆಸರಿನಿಂದಲೇ ಕರೆದೆ, ಎಂದು ಕಾಂತಾ ತಡವರಿಸಿದಳು. ಅದನ್ನು ಹೇಳಬಾರದಿತ್ತು. ಸೃಷ್ಟಿಯ ಮುಖದಲ್ಲಿ ಅಲ್ಲಿಯವರೆಗೆ ಇದ್ದ ಮರುಕ ಅಲ್ಲಿಗೆ ಹೋಯಿತು.

"ನಾ ಅಕ್ಕಗ ಅಂತ ಕೊಟ್ಟದ್ದು ಅದು. ನೀ ನನ್ನ ಕೇಳದ ಬ್ಯಾರೆ ಏನೋ ಅಂತ ತಗೊಂಡಿ, ಇಷ್ಟ ವರ್ಷ." ಅವಳ ದನಿ ಏರಲಿಲ್ಲ. "ಜ್ವರ ಬಂದಾಗ ಬಾಜೂಕ ಕುಂತಾಕಿ ಆಕಿ. ಸಾಲಿಗೆ ಕೈಹಿಡದ ಒಯ್ದಾಕಿ ಆಕಿ. ನೀ ಶನಿವಾರ ಬರಾಕಿ, ಪೇಡೆ ತರಾಕಿ. ಅಕ್ಕ ಅಂತ ನೋಡಿದ್ರ ಅದು ಭಾಳ ಆತು. ಅವ್ವ ಅಂತ ನೋಡಿದ್ರ ಅದು ಏನೂ ಅಲ್ಲ."

ಕಾಂತಾ ಅಳಲಿಲ್ಲ. ಅಳುವುದಕ್ಕೂ ಎದುರಿಗೆ ನಮ್ಮವರು ಅಂತ ಯಾರಾದರೂ ಇರಬೇಕು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸುಮ್ಮನಿದ್ದಿದ್ದರೆ ಸಾಯುವ ತನಕ ಕೇಳಬಹುದಾಗಿದ್ದ ಒಂದು ಮಾತನ್ನು ತನ್ನ ಕೈಯಾರೆ ಸುಟ್ಟುಕೊಂಡಿದ್ದಳು. ಆ ಅಮೆರಿಕದವನಿಗಾದರೂ ಕೆಲವು ಪ್ರತಿಗಳು ಉಳಿದಿದ್ದವು. ಚಪ್ಪಲಿ ಮೆಟ್ಟಿಕೊಂಡು ಹೊರಗೆ ಬಂದಳು. ಚಹಾ ಕುಡಿದು ಹೋಗೆಂದು ಒಳಗಿನಿಂದ ಯಾರೂ ಹೇಳಲಿಲ್ಲ.

ಓಣಿಯಲ್ಲಿ ಸಂಜೆಯ ಬಿಸಿಲಿತ್ತು. ಬಸ್‌ಸ್ಟ್ಯಾಂಡಿನ ಕಡೆ ತಿರುಗುವಷ್ಟರಲ್ಲಿ ಹಿಂದಿನಿಂದ ಯಾರೋ "ಅಕ್ಕಾ" ಎಂದು ಕೂಗಿದರು. ಕಾಂತಾ ನಿಲ್ಲಲಿಲ್ಲ. ಅವಳನ್ನು ಹಾಗೆ ಕರೆಯುವವರು ಜಗತ್ತಿನಲ್ಲಿ ಯಾರೂ ಇರಲಿಲ್ಲ. ಯಾರೋ ಇನ್ಯಾರನ್ನೋ ಕರೆಯುತ್ತಿರಬೇಕೆಂದು ನಡೆದಳು. ಇನ್ನೊಮ್ಮೆ ಕೂಗಿದಾಗ ದನಿಯ ಗುರುತು ಸಿಕ್ಕಿತು, ತಿರುಗಿ ನಿಂತಳು.

ಸೃಷ್ಟಿ ಬೇಗ ಬೇಗ ನಡೆದು ಬಂದಳು. ಶಾಲನ್ನು ನೀಟಾಗಿ ಮಡಚಿದ್ದಳು.

"ಇದನ್ನ ಬಿಟ್ಟ ಹೊಂಟಿದ್ದಿ, ಅಕ್ಕಾ," ಎಂದಳು.

ಗೌರವ್ವ ಹೊಡೆದು ಬಡಿದು ಕಲಿಸಲಾಗದ ಮಾತು. ಕಾಂತಾ ಹೂಂ ಎಂದಳು, ಕೈ ಚಾಚಿ ಶಾಲು ತೆಗೆದುಕೊಂಡಳು.