ನೀಲಿ ಬಸ್ಸು ಮತ್ತು ಕಲಿಯುವ ಯಂತ್ರ

ಓದು ಬಾರದವರು ಬಸ್ಸನ್ನು ಹೇಗೆ ಗುರುತು ಹಿಡಿಯುತ್ತಾರೆ, ಗೊತ್ತಲ್ಲ? ಬಣ್ಣ ನೋಡಿ, ಡ್ರೈವರನ ಮೀಸೆ ನೋಡಿ, ಮುಂದಿನ ಗಾಜಿಗೆ ಕಟ್ಟಿದ ಹಾರ ನೋಡಿ. ನಮ್ಮ ಅಂಜನಾಪುರದ ಕಡೆ ಇಂಥವರು ಬೇಕಾದಷ್ಟು ಜನ. ನಮ್ಮ ಪಕ್ಕದ ಮನೆಯ ದುರ್ಗಮ್ಮನೂ ಒಬ್ಬಳು. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ನೀಲಿ ಬಸ್ಸು ನಿಂತಿದ್ದರೆ ಅದು ಸೊರಬಕ್ಕೆ ಹೋಗುತ್ತದೆ, ಅಷ್ಟೇ ಅವಳ ಲೆಕ್ಕ. ಮಗಳು ನಯನಳನ್ನು ಸೊರಬಕ್ಕೆ ಕೊಟ್ಟ ಮೇಲೆ ಆ ಲೆಕ್ಕದ ಮೇಲೆಯೇ ಹೋಗಿ ಬಂದು ಮಾಡುತ್ತಿದ್ದಳು.

ಒಂದು ದಿನ ಆ ಲೆಕ್ಕ ಕೈಕೊಟ್ಟಿತು. ಚೊಚ್ಚಲ ಹೆರಿಗೆಗೆ ನಯನಳನ್ನು ತವರಿಗೆ ಕರೆತರುವ ಮೊದಲೇ ಸೊರಬದಲ್ಲಿ ನೋವು ಕಾಣಿಸಿಕೊಂಡಿತು. ಸುದ್ದಿ ಬಂದದ್ದೇ ತಡ, ದುರ್ಗಮ್ಮ ಉಟ್ಟ ಸೀರೆಯಲ್ಲೇ ಓಡಿದಳು. ಶಿರಾಳಕೊಪ್ಪದಲ್ಲಿ ನೀಲಿ ಬಸ್ಸು ಹತ್ತಿದಳು. ಯಾರನ್ನೂ ಕೇಳಲಿಲ್ಲ. ಗೊತ್ತಿರುವ ಬಸ್ಸಿಗೆ ಯಾರನ್ನು ಕೇಳುವುದು? ಆದರೆ ಆ ಬಸ್ಸನ್ನು ಅದೇ ವಾರ ಹಿರೇಕೆರೂರಿನ ಮಾರ್ಗಕ್ಕೆ ಹಾಕಿದ್ದರು. ಕಿಕ್ಕಿರಿದ ಜನರ ನಡುವೆ ಕಂಡಕ್ಟರ್ ಇವಳ ಹತ್ತಿರ ಬರುವಷ್ಟರಲ್ಲಿ ಬಸ್ಸು ಬಹಳ ದೂರ ಹೋಗಿತ್ತು. ಅಲ್ಲಿ ಇಳಿದು, ಬಿಸಿಲಲ್ಲಿ ಕಾದು, ವಾಪಸ್ ಬಂದು ಸೊರಬ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗು ಹುಟ್ಟಿಯಾಗಿತ್ತು.

"ಅವ್ವಾ, ಬಾಗಿಲ ಕಡೀಗೇ ನೋಡ್ತಾ ಇದ್ದೆ. ನೀ ಬರಲೇ ಇಲ್ಲ," ಎಂದು ನಯನ ಅತ್ತಳಂತೆ. ಆ ಮಾತು ದುರ್ಗಮ್ಮನ ಎದೆಯಲ್ಲಿ ನಾಟಿಕೊಂಡಿತು. ಅವತ್ತಿನಿಂದ ಅವಳು ಒಬ್ಬಳೇ ಬಸ್ಸು ಹತ್ತಲಿಲ್ಲ.

ನಾನು ನೀಲಾಂಬಿಕ. ಮಹಿಳಾ ಮಂಡಳಿಯ ಕೆಲಸ ನನ್ನದು, ಸಂಜೆ ಸಾಕ್ಷರತಾ ತರಗತಿಯೂ ನನ್ನದೇ. ಬಾಯಿ ಸ್ವಲ್ಪ ಜೋರು, ಅದೂ ಊರಿಗೆಲ್ಲ ಗೊತ್ತು. ಈ ವರ್ಷ ನಯನ ಮತ್ತೆ ಗರ್ಭಿಣಿ ಎಂದು ತಿಳಿದಾಗ ನಾನು ದುರ್ಗಮ್ಮನ ಜಗಲಿಯ ಮೇಲೆ ಹೋಗಿ ಕೂತೆ. ಎರಡನೇ ಹೆರಿಗೆ ಗಂಡನ ಮನೆಯಲ್ಲೇ. ಅದೂ ಭತ್ತದ ಒಕ್ಕಣೆಯ ಹೊತ್ತಿಗೆ. ದುರ್ಗಮ್ಮನ ಗಂಡ ಹುಚ್ಚರಾಯಪ್ಪ ಕಣ ಬಿಟ್ಟು ಜೊತೆಗೆ ಹೋಗುವಂತಿಲ್ಲ.

"ದುರ್ಗಕ್ಕ, ಕ್ಲಾಸಿಗೆ ಬಾ. ಬಸ್ಸಿನ ಬೋರ್ಡು ಓದೋವಷ್ಟಾದ್ರೂ ಕಲಿ."

"ನನ್ ತಲೀಗೆ ಹತ್ತಂಗಿಲ್ಲ ಬಿಡು ನೀಲಮ್ಮ. ಅವತ್ತು ಕ್ಲಾಸಿಗೆ ಬಂದಾಗ ತಪ್ಪು ಓದಿದ್ದಕ್ಕೆ ಪಕ್ಕದಾಗೆ ಕೂತಿದ್ದ ಗುತ್ಯಮ್ಮ ಬಿದ್ದು ಬಿದ್ದು ನಕ್ಳು. ಹೋಗಿರೋ ಮರ್ಯಾದಿನೇ ಸಾಕು."

"ಹಂಗಾದ್ರೆ ಮಗಳ ಹತ್ರ ಹೆಂಗ್ ಹೋಗ್ತೀಯ?"

ದುರ್ಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು.

ಅದೇ ವಾರ ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ನನ್ನ ಕೈಗೊಂದು ಕರಪತ್ರ ಕೊಟ್ಟರು. ಶಿವಮೊಗ್ಗದ ರಸ್ತೆಯಲ್ಲಿ ಎಡಕ್ಕೆ ಒಂದು ಬಿಳಿ ಕಟ್ಟಡ ಎದ್ದಿದೆಯಲ್ಲ, ಕಂಪ್ಯೂಟರ್ ಕಂಪನಿ ಅಂತ ನಾವೆಲ್ಲ ಅಂದುಕೊಂಡಿದ್ದೆವು, ಅದರ ಕರಪತ್ರ. ಅದು ಕಂಪನಿಯಲ್ಲವಂತೆ. ಯಂತ್ರಕ್ಕೆ ಕಲಿಸುವುದು ಹೇಗೆ ಎಂದು ಸಂಶೋಧನೆ ಮಾಡುವ ಜಾಗವಂತೆ. ಪ್ರತಿ ತಿಂಗಳ ಎರಡನೇ ಶನಿವಾರ ಕನ್ನಡದಲ್ಲಿ ಭಾಷಣ, ಆಮೇಲೆ ಒಳಗೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತಾರಂತೆ. ಯಾರು ಬೇಕಾದರೂ ಬರಬಹುದು, ದುಡ್ಡು ಕೊಡಬೇಕಾಗಿಲ್ಲ ಎಂದು ದಪ್ಪ ಅಕ್ಷರದಲ್ಲಿ ಬರೆದಿತ್ತು.

ನಾನು ಓದಿ ಹೇಳಿದ್ದಕ್ಕೆ ಹುಚ್ಚರಾಯಪ್ಪ ಬೀಡಿ ಆರಿಸಿ ನಕ್ಕ. "ಯಂತ್ರ ಕಲೀತೈತಾ? ನಮ್ ಪಂಪ್‌ಸೆಟ್ಟು ಇಷ್ಟು ವರ್ಷದಿಂದ ಐತಿ. ಕೆಡೋದೊಂದು ಬಿಟ್ಟು ಏನೂ ಕಲೀಲಿಲ್ಲ ನೋಡು!"

ದುರ್ಗಮ್ಮನ ಚಿಂತೆ ಬೇರೆ. "ಅಲ್ಲಿ ಓದಿದೋರು ಇರ್ತಾರೆ. ನಮ್ಮಂಥೋರು ಹೋದ್ರೆ ಗೇಟಿನಾಗೇ ಅಟ್ಟುತಾರೆ."

"ಅಟ್ಟಿದ್ರೆ ಅಟ್ಟಲಿ. ಅವರ ಹತ್ರ ಮಾತಾಡಾಕೆ ನಾನಿದೀನಿ. ನೀ ಸುಮ್ನೆ ಸೀರೆ ಬದಲಾಯ್ಸು," ಎಂದೆ.

ಯಾರೂ ಅಟ್ಟಲಿಲ್ಲ. ಗೇಟಿನವನು ಎದ್ದು ನಿಂತು, "ಬರ್ರೀ ಅಮ್ಮಾ, ಭಾಷಣ ಆ ಹಾಲ್‌ನಾಗೆ. ಮುಂದಿನ ಕುರ್ಚಿ ಖಾಲಿ ಅದಾವು," ಎಂದ. ಮುಂದಿನ ಕುರ್ಚಿ! ದುರ್ಗಮ್ಮ ನನ್ನ ಕೈ ಬಿಗಿಯಾಗಿ ಹಿಡಿದುಕೊಂಡಳು. ಅವಳ ಇನ್ನೊಂದು ಕೈಯಲ್ಲಿ ಬಾಳೆಹಣ್ಣಿನ ಚಿಪ್ಪು ಇತ್ತು. ದೊಡ್ಡವರ ಜಾಗಕ್ಕೆ ಬರಿಗೈಯಲ್ಲಿ ಹೋಗುವುದು ಹೇಗೆ ಎಂದು ತಂದಿದ್ದಳು.

ಭಾಷಣ ಮಾಡಿದವರು ಗಂಗಾಶ್ರೀ ಎಂಬ ಮೇಡಂ. ಸೊರಬದ ಕಡೆಯವರೇ, ಮಾತು ಕೇಳಿದರೆ ಗೊತ್ತಾಗುತ್ತಿತ್ತು. "ಆಕಳು ಅಂದ್ರೇನು ಅಂತ ಮಗುವಿಗೆ ಯಾರಾದ್ರೂ ಪಾಠ ಮಾಡ್ತೀವಾ?" ಎಂದು ಕೇಳಿದರು. "ಇಲ್ಲ ಅಲ್ವಾ? ನೋಡು ಆಕಳು, ನೋಡು ಎಮ್ಮೆ ಅಂತ ತೋರಿಸ್ತೀವಿ. ತಪ್ಪು ಹೇಳಿದ್ರೆ ತಿದ್ದುತೀವಿ. ನೋಡ್ತಾ ನೋಡ್ತಾ ಅದೇ ಕಲೀತದೆ. ನಮ್ಮ ಯಂತ್ರಕ್ಕೂ ಹಾಗೇ. ಬನ್ನಿ, ನೀವೇ ನೋಡಿ."

ಯಂತ್ರದ ಕೋಣೆಗೆ ಧೂಳು ಹೋಗಬಾರದೆಂದು ಚಪ್ಪಲಿ ಹೊರಗೆ ಬಿಡಿಸಿದರು. ಒಳಗೆ ತಣ್ಣನೆಯ ಗಾಳಿ. ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ. ದುರ್ಗಮ್ಮ ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೀದಾ ಹೋಗಿ ಕಂಪ್ಯೂಟರಿನ ಮುಂದೆ ಬಾಳೆಹಣ್ಣು ಇಟ್ಟು ಕೈ ಮುಗಿದಳು. ನನಗೆ ನಗು ತಡೆಯಲಾಗಲಿಲ್ಲ. ಗಂಗಾಶ್ರೀ ಮೇಡಂ ನಗಲಿಲ್ಲ. "ಇದು ತಿನ್ನೋದಿಲ್ಲಮ್ಮ, ನಾನು ತಿಂತೀನಿ," ಎಂದು ಅಲ್ಲೇ ಒಂದು ಹಣ್ಣು ಮುರಿದುಕೊಂಡರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ. ಕಂಪ್ಯೂಟರಿಗೆ ಒಂದು ಕ್ಯಾಮರಾ ಜೋಡಿಸಿದ್ದರು, ಪಕ್ಕದಲ್ಲಿ ಎರಡು ಬಲ್ಬು. ಅದರ ಮುಂದೆ ಫೋಟೊ ಹಿಡಿಯಬೇಕು. ಆಕಳಾದರೆ ಹಸಿರು ಬಲ್ಬು, ಎಮ್ಮೆಯಾದರೆ ಕೆಂಪು. ದುರ್ಗಮ್ಮನ ಕೈಯಲ್ಲೇ ಫೋಟೊ ಕೊಟ್ಟರು. ಹೊಲದಲ್ಲಿ ಮೇಯುವ ಆಕಳು ಹಿಡಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಹಸಿರು ಹತ್ತಿತು. ಕೆರೆಯಲ್ಲಿ ಮಲಗಿದ ಎಮ್ಮೆ ಹಿಡಿದಳು, ಕೆಂಪು ಹತ್ತಿತು. ಹೊಸ ಹೊಸ ಫೋಟೊ ಹಿಡಿದಂತೆಲ್ಲ ಸರಿಯಾಗಿ ಹೇಳಿತು. ಇವು ಯಾವುವೂ ಅದು ಮೊದಲು ನೋಡಿದ ಫೋಟೊಗಳಲ್ಲ ಎಂದು ಮೇಡಂ ಹೇಳಿದಾಗ ಎಲ್ಲರೂ ಕುತ್ತಿಗೆ ಚಾಚಿ ಹತ್ತಿರ ಸರಿದರು.

"ಅಬ್ಬಬ್ಬಾ! ಕಣ್ಣಿಲ್ಲ, ಮೂಗಿಲ್ಲ. ಹೆಂಗ್ ಗೊತ್ತಾಗ್ತೈತಿ ಇದಕ್ಕೆ?" ಎಂದಳು ದುರ್ಗಮ್ಮ.

"ಈಗ ಇದನ್ನ ಹಿಡೀರಿ," ಎಂದು ಮೇಡಂ ಇನ್ನೊಂದು ಫೋಟೊ ಕೊಟ್ಟರು. ನಮ್ಮ ಅಂಜನಾಪುರದ ಡ್ಯಾಮಿನ ನೀರಿನಲ್ಲಿ ನಿಂತ ಬಿಳಿ ಆಕಳು. ಕೆಂಪು ಬಲ್ಬು ಹತ್ತಿತು.

"ತಪ್ಪು! ಅದು ಆಕಳು!" ಎಂದು ನಾವೆಲ್ಲ ಕೂಗಿದೆವು.

"ಹೌದು, ತಪ್ಪೇ. ಬೇಕು ಅಂತಲೇ ತೋರಿಸಿದೆ," ಎಂದರು ಮೇಡಂ. "ಯಾಕೆ ಗೊತ್ತಾ? ಕಲಿಸುವಾಗ ನಾವು ತೋರಿಸಿದ ಎಮ್ಮೆಗಳೆಲ್ಲ ನೀರಲ್ಲೇ ಬಿದ್ದುಕೊಂಡಿದ್ದವು. ಆಕಳುಗಳೆಲ್ಲ ಹೊಲದಲ್ಲಿದ್ದವು. ಹಾಗಾಗಿ ಇದು ಎಮ್ಮೆ ನೋಡೋದು ಕಲೀಲಿಲ್ಲ, ನೀರು ನೋಡೋದು ಕಲೀತು. ನೀರು ಕಂಡರೆ ಎಮ್ಮೆ ಅಂತದೆ. ಇಷ್ಟು ಹೊತ್ತೂ ಸರಿ ಹೇಳಿದ್ದು ಅದರ ಬಲದ ಮೇಲೇನೇ."

ದುರ್ಗಮ್ಮ ಫೋಟೊ ಕೆಳಗಿಳಿಸಿದಳು. ಅವಳ ಮುಖ ನೋಡಿ ನನಗೆ ಗಾಬರಿಯಾಯಿತು.

"ನೀಲಮ್ಮ," ಎಂದಳು ಮೆಲ್ಲಗೆ, "ನನ್ನ ನೀಲಿ ಬಸ್ಸು."

ಮೇಡಂ ಏನೆಂದು ಕೇಳಿದರು. ಅವಳು ಅಷ್ಟು ಜನರ ಎದುರು ಎಲ್ಲ ಹೇಳಿದಳು. ಬಣ್ಣ ನೋಡಿ ಹತ್ತಿದ್ದು, ಮಗಳು ಬಾಗಿಲ ಕಡೆ ನೋಡಿದ್ದು, ಕ್ಲಾಸು ಬಿಟ್ಟಿದ್ದು. ಕೊನೆಗೆ ಕೇಳಿದಳು: "ಮೇಡಮ್ಮಾರೆ, ಇಷ್ಟು ದೊಡ್ಡ ತಪ್ಪು ಮಾಡಿದ ಮೇಲೆ ಇದನ್ನ ಏನ್ ಮಾಡ್ತೀರಿ? ಬಿಸಾಕ್ತೀರಾ?"

"ಯಾಕಮ್ಮ ಬಿಸಾಕೋದು? ಒಣ ನೆಲದ ಎಮ್ಮೆ ತೋರಿಸ್ತೀವಿ, ನೀರಲ್ಲಿರೋ ಆಕಳು ತೋರಿಸ್ತೀವಿ. ಮತ್ತೆ ತಪ್ಪು ಮಾಡ್ತದೆ, ಮತ್ತೆ ತಿದ್ದುತೀವಿ. ತಪ್ಪು ಮಾಡ್ದೇ ಇದು ಏನೂ ಕಲಿತೇ ಇಲ್ಲ. ಮುಂದಿನ ತಿಂಗಳು ಬನ್ನಿ, ನೋಡೋರಂತೆ."

"ಇದಕ್ಕೆ ಯಾರೂ ನಗಂಗಿಲ್ಲೇನ್ರಿ?"

"ನಕ್ಕರೂ ಇದಕ್ಕೆ ನಾಚಿಕೆ ಆಗೋದಿಲ್ಲ. ನಮಗೆ ಆಗ್ತದೆ, ಅದೇ ಕಷ್ಟ."

ಮರುದಿನ ಸಂಜೆ ದುರ್ಗಮ್ಮ ತರಗತಿಗೆ ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ತಪ್ಪು ಓದಿದಳು, ಗುತ್ಯಮ್ಮ ನಕ್ಕಳು. "ನಗು ತಾಯಿ, ನಗು. ಆ ಯಂತ್ರ ನನಗಿಂತ ಜಾಸ್ತಿ ತಪ್ಪು ಮಾಡೈತಿ," ಎಂದು ಮತ್ತೆ ಓದಿದಳು.

ಮುಂದಿನ ತಿಂಗಳು ನಾವು ಮತ್ತೆ ಹೋದೆವು. ಈ ಸಲ ಹುಚ್ಚರಾಯಪ್ಪನೂ ಬಂದ, ಟವೆಲ್ ಹೆಗಲಿಗೆ ಹಾಕಿಕೊಂಡು, ಮೋಸ ಹಿಡಿಯಲು ಬಂದವನ ಹಾಗೆ. ಅದೇ ಫೋಟೊ, ಅದೇ ನೀರು, ಅದೇ ಬಿಳಿ ಆಕಳು. ದುರ್ಗಮ್ಮ ಅದನ್ನು ಕ್ಯಾಮರಾದ ಮುಂದೆ ಹಿಡಿದಳು. ಬಲ್ಬು ಎರಡೂ ಕಪ್ಪಗೇ ಇದ್ದವು. ಆಮೇಲೆ ಹಸಿರು ಹತ್ತಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ, ತಟ್ಟುವುದೇ ಮರೆತುಹೋಗಿತ್ತು. ಹುಚ್ಚರಾಯಪ್ಪ ಹೆಗಲ ಟವೆಲ್ ಕೈಗೆ ತೆಗೆದುಕೊಂಡ. "ಕಲ್ತೈತಿ ಕಣೇ," ಎಂದ ಹೆಂಡತಿಗೆ. ದುರ್ಗಮ್ಮನ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಬಂತು, ಹೇಳಿಕೊಳ್ಳುವುದಕ್ಕೆ ನಾಚಿಕೆಯೇನು?

ಒಕ್ಕಣೆಯ ನಡುವೆ ಸೊರಬದಿಂದ ಸುದ್ದಿ ಬಂತು. ಹುಚ್ಚರಾಯಪ್ಪ ಕಣದಲ್ಲಿದ್ದ. ಹೆಂಡತಿಯ ಮುಖ ನೋಡಿ, "ಹೋಗಿ ಬಾ," ಎಂದಷ್ಟೇ ಹೇಳಿದ. ಶಿರಾಳಕೊಪ್ಪದಲ್ಲಿ ನೀಲಿ ಬಸ್ಸು ಹೊರಡಲು ಗುರುಗುಟ್ಟುತ್ತಿತ್ತಂತೆ. ಕಾಲು ತಾನಾಗಿಯೇ ಅತ್ತ ಎಳೆಯಿತಂತೆ. ದುರ್ಗಮ್ಮ ನಿಂತಳು. ತಲೆಯೆತ್ತಿ ಬೋರ್ಡು ನೋಡಿದಳು. ಉದ್ದನೆಯ ಹೆಸರು, ಅದಲ್ಲ. ಪಕ್ಕದ ಕೆಂಪು ಬಸ್ಸಿನ ಮುಂದೆ ಹೋಗಿ, ಬೆರಳು ತೋರಿಸಿಕೊಂಡು, ಜನ ನೋಡುತ್ತಿದ್ದರೂ ಗಟ್ಟಿಯಾಗಿಯೇ ಓದಿದಳು: "ಸೊ... ರ... ಬ." ಆದರೂ ಕಂಡಕ್ಟರನನ್ನು ಒಂದು ಮಾತು ಕೇಳಿಯೇ ಹತ್ತಿದಳು.

ನಯನ ಬಾಗಿಲ ಕಡೆ ನೋಡಿದಾಗ ಬಾಗಿಲಲ್ಲಿ ಅವ್ವ ನಿಂತಿದ್ದಳು. ಮಗು ಬರುವ ತನಕ ಮಗಳ ಕೈ ಬಿಡಲಿಲ್ಲ.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಆ ಬಿಳಿ ಕಟ್ಟಡದ ಮುಂದೆ ನೀವೂ ದಿನಾ ಬಸ್ಸಿನಲ್ಲಿ ಹಾದು ಹೋಗುತ್ತೀರಿ. ಅದು ಓದಿದವರಿಗೆ ಮಾತ್ರ ಎಂದು ನಿಮಗೆ ಯಾರು ಹೇಳಿದರು? ಎರಡನೇ ಶನಿವಾರ ಗೇಟು ತೆರೆದಿರುತ್ತದೆ. ಅತ್ತೆ ಸೊಸೆ, ಗಂಡ ಮಕ್ಕಳು, ಎಲ್ಲರೂ ಬನ್ನಿ. ಮುಂದಿನ ಕುರ್ಚಿಯಲ್ಲೇ ಕೂತುಕೊಳ್ಳಿ, ಅರ್ಥವಾಗದಿದ್ದರೆ ಎದ್ದು ನಿಂತು ಕೇಳಿ. ಬಾಳೆಹಣ್ಣು ತರಬೇಕಾಗಿಲ್ಲ. ತಪ್ಪಾದೀತು ಎಂಬ ನಾಚಿಕೆ ಇದೆಯಲ್ಲ, ಅದೊಂದನ್ನು ಮಾತ್ರ ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬನ್ನಿ. ಹೋಗುವಾಗ ಚಪ್ಪಲಿ ಮಾತ್ರ ಹಾಕಿಕೊಂಡು ಹೋಗಿ.