ಬೆಂಚಿನ ಆ ತುದಿ

"ಮೀಸೆ ಎಲ್ಲಿ?"

ಗಂಡ ಪಾರ್ಕಿನ ಗೇಟು ದಾಟಿ ಬೆಂಚಿನ ಹತ್ತಿರ ಬರುವವರೆಗೂ ಟೈಲರಮ್ಮನ ಗಮನವೆಲ್ಲ ಸ್ಟ್ಯಾಂಡಿಗೆ ಸಿಕ್ಕಿಸಿದ ಮೊಬೈಲಿನ ಮೇಲಿತ್ತು. ಗಾಳಿಗೆ ಅಲ್ಲಾಡದಿರಲೆಂದು ಅದರ ಕಾಲಿಗೆ ಕಲ್ಲು ಕಟ್ಟಿ ತಲೆ ಎತ್ತಿದರೆ ಎದುರಿಗೆ ಬೇರೆ ಯಾರೋ ನಿಂತ ಹಾಗಿತ್ತು. ಅಂಗಿ ಅದೇ, ಚಪ್ಪಲಿ ಅದೇ, ಹೆಗಲ ಮೇಲಿನ ಟವೆಲ್ಲೂ ಅದೇ. ಮೂಗಿನ ಕೆಳಗೆ ಮಾತ್ರ ಖಾಲಿ ಸೈಟಿನಷ್ಟು ಜಾಗ ಬಿದ್ದಿತ್ತು.

"ತೆಗೆಸಿಬಿಟ್ಟೆ," ಎಂದ ಗಂಡ. "ಸೆಕೆ."

ಸೆಕೆಯಂತೆ. ಮದುವೆಯಾದಾಗಿನಿಂದ ಆ ಮೀಸೆಗೆ ಆಗದ ಸೆಕೆ ಇವತ್ತೇ ಆಗಬೇಕಿತ್ತೆ? ಟೈಲರಮ್ಮನಿಗೆ ಪಿತ್ತ ನೆತ್ತಿಗೇರಿತು.

ಏರದೆ ಏನು ಮಾಡೀತು? ಮೊಬೈಲಿನಲ್ಲೇ ಕಿರುಚಿತ್ರ ಮಾಡುವುದನ್ನು ಕಲಿಸುವ ಶಿಬಿರ ಇವತ್ತಿಗೆ ಮುಗಿಯುತ್ತಿತ್ತು. ಸಂಜೆ ಸಮುದಾಯ ಭವನದಲ್ಲಿ ಪರದೆ ಕಟ್ಟಿ ಎಲ್ಲರ ಚಿತ್ರಗಳನ್ನೂ ತೋರಿಸುವವರಿದ್ದರು. ಉಳಿದವರೆಲ್ಲ ಮನೆಯ ಬೆಕ್ಕು, ಮೊಮ್ಮಗುವಿನ ನಗು, ಬಾಲ್ಕನಿಯ ಹೂವಿನ ಕುಂಡ ಅಂತ ತೆಗೆದು ಕೈ ತೊಳೆದುಕೊಂಡಿದ್ದರು. ಟೈಲರಮ್ಮ ಒಬ್ಬಳೇ ಕಥೆ ಕಟ್ಟಿದ್ದು. ಬದುಕಿಡೀ ಬೇರೆಯವರು ಹೊಲಿದದ್ದನ್ನು ಬಿಚ್ಚಿ ಗಿಡ್ಡ ಮಾಡಿ, ಸಡಿಲ ಮಾಡಿ ಕೊಟ್ಟವಳಿಗೆ ತನ್ನದೇ ಅಂತ ಕತ್ತರಿ ಹಾಕಿದ ಮೊದಲ ಬಟ್ಟೆ ಇದು. ಇದರ ಗುಂಗಿನಲ್ಲಿ ಗಿರಾಕಿಗಳ ಬ್ಲೌಸುಗಳು ಮೂಲೆ ಸೇರಿದ್ದವು, ಎರಡು ಸಲ ಹಾಲು ಉಕ್ಕಿತ್ತು, ತಲೆಗೆ ಬಣ್ಣ ಹಚ್ಚಿಕೊಳ್ಳಲೂ ಪುರುಸೊತ್ತಾಗಿರಲಿಲ್ಲ.

ಕಥೆ ದೊಡ್ಡದೇನಲ್ಲ. ಒಬ್ಬ ಮುದುಕ ಪಾರ್ಕಿಗೆ ಬರುತ್ತಾನೆ. ಬೆಂಚನ್ನು ಟವೆಲ್ಲಿನಿಂದ ಈ ತುದಿಯಿಂದ ಆ ತುದಿಯವರೆಗೂ ಒರೆಸಿ ಒಂದು ತುದಿಯಲ್ಲಿ ಕೂರುತ್ತಾನೆ. ದಾರಿಹೋಕರು ಯಾರೋ ಬಂದು, ಇಲ್ಲಿ ಯಾರಾದರೂ ಬರುತ್ತಾರಾ ಎಂದು ಕೇಳುತ್ತಾರೆ. ಮುದುಕ, ಬರುತ್ತಾರೆ ಎನ್ನುತ್ತಾನೆ. ಯಾರೂ ಬರುವುದಿಲ್ಲ. ಅಷ್ಟೇ.

ಒರೆಸಿ ಕೂರುವ ಶಾಟು ಹೋದ ವಾರವೇ ಆಗಿತ್ತು. ಅದು ಎಷ್ಟು ಚೆನ್ನಾಗಿ ಬಂದಿತ್ತೆಂದರೆ ಶಿಬಿರ ನಡೆಸುವ ಮೇಷ್ಟ್ರು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವರು, ಅದನ್ನು ಪರದೆಯ ಮೇಲೆ ಹಾಕಿ ತೋರಿಸಿದ್ದರು. "ಈ ಮುಖ ನೋಡಿ. ಎಲ್ಲ ಮುಗಿದುಹೋದ ಮನುಷ್ಯನ ಮುಖ. ಮೇಕಪ್ಪೇ ಬೇಕಿಲ್ಲ," ಎಂದಿದ್ದರು. ಜನ ಚಪ್ಪಾಳೆ ತಟ್ಟಿದ್ದರು. ಹಿಂದಿನ ಸಾಲಿನಲ್ಲಿ ಕೂತಿದ್ದ ಗಂಡನೂ ತಟ್ಟಿದ್ದ. ಹೆಮ್ಮೆಯಿಂದ ಟೈಲರಮ್ಮನಿಗೆ ಅವತ್ತು ನಿದ್ದೆಯೇ ಬಂದಿರಲಿಲ್ಲ.

ಇವತ್ತು ಉಳಿದಿದ್ದದ್ದು ಅದೇ ಮುಖವನ್ನು ಹತ್ತಿರದಿಂದ ತೆಗೆಯುವುದು. ಮೀಸೆಯಿರುವ ಮನುಷ್ಯ ಬಂದು ಕೂತು, ಮೀಸೆಯಿಲ್ಲದ ಮನುಷ್ಯ ಮಾತಾಡಿದರೆ ನೋಡಿದವರು ನಗದೆ ಬಿಡುತ್ತಾರೆಯೇ?

"ಒಂದ್ ಮಾತು ಕೇಳಕ್ಕಾಗ್ತಿರ್ಲಿಲ್ವಾ ನಿಮಗೆ? ಇವತ್ತು ಶೂಟಿಂಗ್ ಇದೆ ಅಂತ ಗೊತ್ತಿತ್ತು ತಾನೇ?"

"ಗೊತ್ತಿತ್ತು."

"ಗೊತ್ತಿದ್ದೂ ಹೀಗ್ ಮಾಡಿದ್ರಾ?"

ಗಂಡ ಚಪ್ಪಲಿಯ ತುದಿಯನ್ನು ನೋಡುತ್ತ ನಿಂತ. ತನ್ನ ರಿಪೇರಿ ಅಂಗಡಿಯಲ್ಲಿ ಸುಟ್ಟ ಮೋಟರಿಗೆ ತಂತಿ ಸುತ್ತುವಾಗ ಮಾತಾಡಿದರೆ ಲೆಕ್ಕ ತಪ್ಪುತ್ತದೆಂದು ಬಾಯಿ ಮುಚ್ಚಿಕೊಂಡು ಅಭ್ಯಾಸವಾದವನು. ಮನೆಯಲ್ಲೂ ಅದೇ ಅಭ್ಯಾಸ.

"ಹೋಗ್ಲಿ ಬಿಡಿ, ಏನಾದ್ರೂ ಅಂಟ್ಸೋಣ," ಎಂದಳು ನರ್ಸಮ್ಮ. ಪಕ್ಕದ ಮನೆಯ ಈ ನಿವೃತ್ತ ನರ್ಸು ಶಿಬಿರದಲ್ಲಿ ಟೈಲರಮ್ಮನ ಜೊತೆಗಾತಿ. ಮುಖಕ್ಕೆ ಬೆಳಕು ಬೀಳಿಸಲು ಥರ್ಮಾಕೋಲ್ ಹಾಳೆ ಹಿಡಿಯುವುದು, ಮರೆಯಲ್ಲಿ ನಿಂತು ದಾರಿಹೋಕನ ಮಾತು ಹೇಳುವುದು, ಎರಡೂ ಅವಳದೇ ಕೆಲಸ.

ಟೈಲರಮ್ಮ ಚೀಲದಿಂದ ಬೂದು ಬಣ್ಣದ ದಾರದ ಉಂಡೆ ತೆಗೆದು ಕತ್ತರಿಸಿದಳು. ಗಂಡ ಕ್ಷೌರಕ್ಕೆ ಕೂತವನಂತೆ ಮುಖ ಎತ್ತಿಕೊಂಡು ಕೂತ. ಗೋಂದು ಹಚ್ಚಿ ಅಂಟಿಸಿದ್ದಾಯಿತು. ನರ್ಸಮ್ಮ ಹಾಳೆಯ ಹಿಂದೆ ಮುಖ ಮರೆಸಿಕೊಂಡಳು, ಆದರೂ ಹಾಳೆ ಅಲುಗುತ್ತಿತ್ತು. ಮೂಗಿನ ಕೆಳಗೆ ಹಳೆಯ ಹಲ್ಲುಜ್ಜುವ ಬ್ರಷ್ಷು ಇಟ್ಟ ಹಾಗಿತ್ತು. "ಬರ್ತಾರೆ" ಎನ್ನಲು ಗಂಡ ಬಾಯಿ ತೆರೆದದ್ದೇ ತಡ, ಅರ್ಧ ಮೀಸೆ ತುಟಿಗೆ ಇಳಿಯಿತು.

"ಅಯ್ಯೋ ನನ್ನ ಕರ್ಮವೇ," ಎಂದು ಟೈಲರಮ್ಮ ಹಣೆ ಚಚ್ಚಿಕೊಂಡಳು.

"ಮೀಸೆ ಇಲ್ದೇನೇ ಮೊದ್ಲಿಂದ ತೆಗೀರಿ," ಎಂದಳು ನರ್ಸಮ್ಮ. "ನಾಲ್ಕು ಶಾಟಿಗೆ ಎಷ್ಟ್ ಹೊತ್ತು ಬೇಕು?"

ಟೈಲರಮ್ಮನಿಗೆ ಹೋದ ಜೀವ ಬಂದಂತಾಯಿತು. ಆದರೆ ಗಂಡ ಉಳಿದ ದಾರವನ್ನು ಕಿತ್ತು, ಉಂಡೆ ಮಾಡಿ, ಎದ್ದು ನಿಂತ.

"ನಾನ್ ಕೂರಲ್ಲ."

"ಏನಂದ್ರಿ?"

"ಮುದುಕನ ಪಾರ್ಟು ನಾನ್ ಮಾಡಲ್ಲ."

"ಈಗ್ಲಾ ಹೇಳೋದು ಇದನ್ನ?"

"ಅವತ್ತು ಪರದೆ ಮೇಲೆ ಬಂತಲ್ಲ, ಅದು ನಾನು ಅಂತಾನೇ ಗೊತ್ತಾಗ್ಲಿಲ್ಲ ಕಣೆ. ನಮ್ಮಪ್ಪ ಎದ್ದು ಬಂದು ಕೂತಿದಾರೆ ಅನ್ಕೊಂಡೆ. ಆಮೇಲೆ ಅಂಗಿ ನೋಡಿ ಗೊತ್ತಾಯ್ತು. ಸುತ್ತ ಎಲ್ಲಾ ಚಪ್ಪಾಳೆ ಹೊಡೀತಿದ್ರು. ನಾನೂ ಹೊಡೆದೆ."

ಇಷ್ಟು ಮಾತನ್ನು ಅವನು ಒಟ್ಟಿಗೆ ಆಡಿ ಯಾವ ಕಾಲವಾಗಿತ್ತೋ. ಟೈಲರಮ್ಮ ತಡವರಿಸಿದಳು. "ಕಥೆಗೆ ಒಬ್ಬ ಮುದುಕ ಬೇಕಿತ್ತು, ಅಷ್ಟೇರೀ."

"ಬೇಕಿತ್ತು. ಯಾರನ್ನ ಕರೀಲಿ ಅಂತ ಒಂದ್ ಗಳಿಗೆನಾದ್ರೂ ಯೋಚ್ನೆ ಮಾಡಿದ್ಯಾ?"

ಮಾಡಿರಲಿಲ್ಲ. ಅಯ್ಯೋ ಪಾಪ ಅನ್ನಿಸಿತು. ಆದರೆ ಆ ಪಾಪದ ಬೆನ್ನಿಗೇ ಸಿಟ್ಟೂ ಬಂತು. ಇದನ್ನು ವಾರವಿಡೀ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಯ ಗಳಿಗೆಯಲ್ಲಿ ಕ್ಷೌರದಂಗಡಿಗೆ ಹೋಗಿ ಸೇಡು ತೀರಿಸಿಕೊಳ್ಳಬೇಕಿತ್ತೆ? ಭವನದ ಕಡೆಯಿಂದ ಮೇಷ್ಟ್ರು ಮೈಕು ಪರೀಕ್ಷಿಸುವ ಸದ್ದು ಆಗಲೇ ಕೇಳಿಬರುತ್ತಿತ್ತು.

"ಆಯ್ತು. ನಾನೇ ಕೂರ್ತೀನಿ," ಎಂದು ಅವನ ಹೆಗಲಿನಿಂದ ಟವೆಲ್ ಎಳೆದುಕೊಂಡಳು. "ಮುದುಕ ಆದ್ರೇನು, ಮುದುಕಿ ಆದ್ರೇನು. ನೀವ್ ಹೋಗಿ ಫೋನ್ ಹತ್ರ ನಿಂತ್ಕೊಳ್ಳಿ."

ಮೊದಲ ಸಲ ಅವನ ಹೆಬ್ಬೆರಳು ಲೆನ್ಸಿಗೆ ಅಡ್ಡ ಬಂತು. ಎರಡನೆಯ ಸಲ ಅವಳು ಒರೆಸಿ, ಕೂತು, ಮಾತು ಹೇಳಿ ಮುಗಿಸಿದ ಮೇಲೆ "ಕೆಂಪು ಗುಂಡಿ ಈಗ ಒತ್ತೋದಾ?" ಎಂದು ಕೇಳಿದ. ಟೈಲರಮ್ಮ ಹಲ್ಲು ಕಚ್ಚಿಕೊಂಡು ಮತ್ತೆ ಎದ್ದಳು. ಮೂರನೆಯ ಸಲ ನಡುವೆ ನರ್ಸಮ್ಮ ಸೀನಿಬಿಟ್ಟಳು. ನಟಿಸುವ ಉತ್ಸಾಹ ಅಷ್ಟು ಹೊತ್ತಿಗೆ ಟೈಲರಮ್ಮನಲ್ಲಿ ಒಂದು ಚೂರೂ ಉಳಿದಿರಲಿಲ್ಲ. ನಾಲ್ಕನೆಯ ಸಲ ಸುಮ್ಮನೆ ಬಂದಳು, ಎರಡೂ ತುದಿ ಒರೆಸಿದಳು, ಕೂತಳು. ಟವೆಲ್ಲಿನಲ್ಲಿ ಗಂಡ ಅಂಗಡಿಯಲ್ಲಿ ಮೋಟರಿನ ತಂತಿಗೆ ಬಳಿಯುವ ವಾರ್ನಿಷ್ ವಾಸನೆ. ಬೆಂಚಿನ ಆ ತುದಿಯನ್ನು ನೋಡಿದಳು. ಅಲ್ಲಿ ಕೂರಬೇಕಾದವರು ಯಾರು ಎಂದು ಕಥೆ ಕಟ್ಟುವಾಗ ಅವಳು ಯೋಚಿಸಿರಲೇ ಇಲ್ಲ. ಈಗ ಯೋಚನೆ ಬಂತು, ಕಣ್ಣು ಫೋನಿನ ಹಿಂದೆ ನಿಂತ ಗಂಡನ ಕಡೆ ಹೋಗಿ ಬಂತು.

"ಇಲ್ಲಿ ಯಾರಾದ್ರೂ ಬರ್ತಾರಾ?" ಎಂದಳು ಮರೆಯಿಂದ ನರ್ಸಮ್ಮ.

"ಬರ್ತಾರೆ."

ಗಂಡ ಗುಂಡಿ ಒತ್ತಿ ನಿಲ್ಲಿಸಿದ. ಈ ಸಲ ಶುರುವಿನಲ್ಲೂ ಒತ್ತಿದ್ದ. ಸ್ಟ್ಯಾಂಡಿನಿಂದ ಮೊಬೈಲು ಬಿಡಿಸಿ ತಂದು ಅವಳ ಮುಂದೆ ಹಿಡಿದ.

ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬೈತಲೆಯ ಎರಡೂ ಕಡೆ ಬೆರಳಗಲ ಬಿಳಿ. ಕೆನ್ನೆ ಜೋತಿತ್ತು. ಕತ್ತಿನ ಚರ್ಮ ಇಸ್ತ್ರಿ ಕಾಣದ ಬಟ್ಟೆಯಂತೆ ಮುದುಡಿತ್ತು. ತಾನು ದಿನಾ ಕನ್ನಡಿಯಲ್ಲಿ ನೋಡುವವಳು ಇವಳಲ್ಲ ಎಂದುಕೊಳ್ಳುವಷ್ಟರಲ್ಲಿ ಆ ಹೆಂಗಸು ಬಾಯಿ ತೆರೆದು ತನ್ನದೇ ದನಿಯಲ್ಲಿ, ಬರ್ತಾರೆ, ಎಂದಳು.

ಟೈಲರಮ್ಮನ ಕೈ ತಾನಾಗಿ ಬೈತಲೆಗೆ ಹೋಯಿತು.

"ಅಳಿಸ್ರೀ ಅದನ್ನ."

ಗಂಡ ನಗಲಿಲ್ಲ. "ಅಳಿಸ್ಲಾ?" ಎಂದ. ಒಂದು ಬೆರಳು ಮೊಬೈಲಿನ ಮೇಲಿತ್ತು. ಇನ್ನೊಂದು ಕೈಯಿಂದ, ಮೀಸೆಯಿದ್ದ ಜಾಗವನ್ನು ಮೆಲ್ಲಗೆ ಸವರಿಕೊಳ್ಳುತ್ತಿದ್ದ. ನರ್ಸಮ್ಮ ಹಾಳೆಯನ್ನು ಕೆಳಗಿಟ್ಟು, ಗೇಟಿನ ಕಡೆ ಏನೋ ನೋಡುವುದಿದೆ ಎನ್ನುವಂತೆ ತಿರುಗಿ ನಿಂತಳು. ಭವನದ ಮೈಕಿನಲ್ಲಿ ಮೇಷ್ಟ್ರು ಚಿತ್ರ ಕೊಡದವರೆಲ್ಲ ಬೇಗ ತಂದುಕೊಡಿ ಎಂದು ಕೂಗಿ ಹೇಳುತ್ತಿದ್ದರು.

"ಇರ್ಲಿ ಬಿಡಿ," ಎಂದಳು ಟೈಲರಮ್ಮ.

ಗಂಡ ಮೊಬೈಲು ಹಿಡಿದುಕೊಂಡು ನಿಂತೇ ಇದ್ದ. ಅವಳು ಅವನ ಮುಖ ನೋಡಲಿಲ್ಲ. ತೊಡೆಯ ಮೇಲಿದ್ದ ಟವೆಲ್ ಮಡಿಸಿ, ಕೈ ಚಾಚಿ, ಆಗಲೇ ನಾಲ್ಕು ಸಲ ಒರೆಸಿದ್ದ ಆ ತುದಿಯನ್ನು ಇನ್ನೊಮ್ಮೆ ಒರೆಸಿದಳು.